ಎತ್ತಿ ಕುಡಿದ ನೀರು

ಹೋದ ವರ್ಷದ ಒಂದು ಸಂತೆಯ ದಿನದಿಂದ ನನ್ನ ಹಡೆದವ್ವ ನನ್ನ ಮನೆಯ ಚರಿಗೆಗೆ ತುಟಿ ಹಚ್ಚುವುದನ್ನು ಬಿಟ್ಟಳು. ಬರುವುದನ್ನೇನೂ ಬಿಡಲಿಲ್ಲ. ಬೇವೂರಿನಿಂದ ಯಲಬುರ್ಗಾಕ್ಕೆ ಬಂದಾಗಲೆಲ್ಲ ಬಸ್ ಸ್ಟ್ಯಾಂಡ್ ಹಿಂದಿನ ನನ್ನ ಬಾಡಿಗೆ ಮನೆಗೆ ಬಂದೇ ಹೋಗುತ್ತಿದ್ದಳು. ಉಣ್ಣುತ್ತಿದ್ದಳು, ಮೊಮ್ಮಗಳ ತಲೆ ಬಾಚುತ್ತಿದ್ದಳು, ನಿನ್ನ ಸಾರಿಗೆ ಉಪ್ಪು ಎಂದೂ ಹತ್ತಲಿಲ್ಲ ಎನ್ನುತ್ತಿದ್ದಳು. ನೀರು ಕೊಟ್ಟರೆ ಮಾತ್ರ ಚರಿಗೆಯನ್ನು ಗೇಣುದ್ದ ಮೇಲೆತ್ತಿ, ಬಾಯಿ ತೆರೆದು, ಗಟಗಟ ಹೊಯ್ದುಕೊಳ್ಳುತ್ತಿದ್ದಳು. ಪರರ ಮನೆಯಲ್ಲಿ ಹಾಗೆ ಎತ್ತಿ ಕುಡಿಯುವುದು ನಮ್ಮ ಕಡೆ ಮರ್ಯಾದೆ. ಮಗಳ ಮನೆಯಲ್ಲಿ ಎತ್ತಿ ಕುಡಿದರೆ ಅದು ಬೈಗುಳ. ಒಂದು ಹನಿ ನೆಲಕ್ಕೆ ಬೀಳದಂತೆ ಬೈಯುವುದನ್ನು ನನ್ನವ್ವನಿಂದ ಕಲಿಯಬೇಕು.

ಇದಕ್ಕೆಲ್ಲ ಕಾರಣ ನನ್ನ ನೌಕರಿ. ಯಾರಾದರೂ ಕೇಳಿದರೆ ಹಲ್ಲಿನ ದವಾಖಾನೆಯಲ್ಲಿ ಅಸಿಸ್ಟೆಂಟ್ ಎಂದು ಗತ್ತಿನಿಂದ ಹೇಳುತ್ತೇನೆ. ನಿಜ ಹೇಳಬೇಕೆಂದರೆ ನಾನು ಮುಸುರೆ ತಿಕ್ಕುವವಳು. ಮನೆಯಲ್ಲಿ ಗಂಗಾಳ ತಿಕ್ಕುತ್ತೇನೆ, ದವಾಖಾನೆಯಲ್ಲಿ ಇಕ್ಕಳ ತಿಕ್ಕುತ್ತೇನೆ. ಎರಡನೆಯದಕ್ಕೆ ಸಂಬಳ ಉಂಟು. ಮಂದಿಯ ಬಾಯೊಳಗೆ ಹೋಗಿ ಬಂದ ಕನ್ನಡಿ, ಕೊಕ್ಕೆ, ಇಕ್ಕಳಗಳನ್ನು ದಪ್ಪ ಗ್ಲೌಸು ಹಾಕಿಕೊಂಡು ಬ್ರಷ್ಷಿನಿಂದ ಉಜ್ಜಬೇಕು, ಒಣಗಿಸಬೇಕು, ಒಬ್ಬರಿಗೆ ಒಂದರಂತೆ ಸೆಟ್ಟು ಮಾಡಿ ಕವರಿನಲ್ಲಿ ಅಂಟಿಸಬೇಕು, ಆಮೇಲೆ ಆಟೋಕ್ಲೇವ್ ಎಂಬ ಯಂತ್ರದೊಳಗಿಟ್ಟು ಉಗಿಯಲ್ಲಿ ಬೇಯಿಸಬೇಕು. ಕವರಿನ ಮೇಲಿನ ಗುರುತು ಬಣ್ಣ ಬದಲಿಸಿದರೆ ಕುರ್ಚಿಯ ಕಡೆಗೆ. ಬದಲಿಸದಿದ್ದರೆ ಮತ್ತೆ ಮೊದಲಿಂದ. ಈ ನಡುವೆ ಒಬ್ಬೊಬ್ಬರು ಎದ್ದು ಹೋದಂತೆಲ್ಲ ಕುರ್ಚಿ, ದೀಪದ ಹಿಡಿಕೆ, ಉಗುಳುವ ಬೋಗುಣಿ ಎಲ್ಲವನ್ನೂ ಔಷಧದ ನೀರಿನಿಂದ ಒರೆಸಬೇಕು. ಕೆಲಸಕ್ಕೆ ತೆಗೆದುಕೊಳ್ಳುವಾಗ ಡಾಕ್ಟರಮ್ಮ ನನ್ನ ಪಿಯುಸಿ ಮಾರ್ಕ್ಸ್ ಕೇಳಲಿಲ್ಲ. ಹಾಲು ಕಾಯಿಸಿದ ಪಾತ್ರೆಯಲ್ಲಿ ಮೊದಲು ಏನು ತೊಳೆಯುತ್ತೀರಿ ಎಂದು ಕೇಳಿದರು. ಅಂಚು ಎಂದೆ. ನಾಳೆಯಿಂದ ಬನ್ನಿ ಎಂದರು.

ಡಾಕ್ಟರಮ್ಮ ಗಂಗಾವತಿಯವರು. ಕಾಲುವೆ ನೀರು ಹರಿಯುವ ಊರು ಬಿಟ್ಟು ನಮ್ಮ ಎರೆಭೂಮಿಗೆ ಬಂದು, ಬೀಜದ ಅಂಗಡಿಯ ಮೇಲಿನ ಎರಡು ಕೋಣೆ ಹಿಡಿದು ದವಾಖಾನೆ ತೆರೆದಿದ್ದರು. ವಯಸ್ಸಿನಲ್ಲಿ ನನಗಿಂತ ಸಣ್ಣವರು, ನನ್ನನ್ನು ಅಕ್ಕಾ ಎನ್ನುತ್ತಾರೆ. ಆದರೆ ತೊಳೆಯದ ಕೈಯಲ್ಲಿ ಬಾಗಿಲ ಹಿಡಿಕೆ ಮುಟ್ಟಿದರೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಒಂದು ಮಾತು ಹೇಳಿದರು: ಕೆಲವು ಜಾತಿಯ ಕಾಮಾಲೆ ರಕ್ತದಿಂದ ಹಬ್ಬುತ್ತದೆ, ಕಣ್ಣಿಗೆ ಕಾಣದಷ್ಟು ರಕ್ತ ಸಾಕು, ಅದು ಇದ್ದವರಿಗೇ ಇರುವುದು ಗೊತ್ತಿರುವುದಿಲ್ಲ. ಗೊತ್ತಿಲ್ಲದೆಯೇ ಒಬ್ಬರು ಇನ್ನೊಬ್ಬರ ಮನೆ ಕೆಡಿಸಬಹುದು ಎಂಬುದು ನನಗೆ ಆ ದಿನದಿಂದ ತಲೆಯಲ್ಲಿ ಕೂತುಬಿಟ್ಟಿತು. ಬಸ್ಸಿನಲ್ಲಿ ಯಾರಾದರೂ ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡು ಕೂತಿದ್ದರೆ ನಾನು ಸೀಟು ಬದಲಿಸತೊಡಗಿದೆ.

ನಮ್ಮ ಜನಕ್ಕೆ ಇದನ್ನೆಲ್ಲ ಒಪ್ಪಿಸುವುದೇನು ಸಾಮಾನ್ಯವೇ? ಮೊದಲ ತಕರಾರು ವಾಸನೆಯದು. ಡಾಕ್ಟರಮ್ಮ ತರಿಸುತ್ತಿದ್ದ ಔಷಧಕ್ಕೆ ವಾಸನೆಯೇ ಇರಲಿಲ್ಲ. ಬಂದವರು ಮೂಗರಳಿಸಿ ನೋಡಿ, ದವಾಖಾನಿ ವಾಸನೀನ ಇಲ್ಲ, ಸ್ವಚ್ಛ ಇಡಂಗಿಲ್ಲ ಕಾಣತೈತಿ ಎಂದು ತಮ್ಮತಮ್ಮಲ್ಲೇ ಅಂದುಕೊಂಡರು. ಕಡೆಗೆ ನಾನೇ ಒಂದು ಬಾಟಲಿ ಫಿನಾಯಿಲ್ ತಂದು ದಿನಾ ಮುಂಜಾನೆ ಮೆಟ್ಟಿಲ ಮೇಲೆ ಒಂದು ಮುಚ್ಚಳ ಚೆಲ್ಲತೊಡಗಿದೆ. ಅದರಿಂದ ಸತ್ತ ಹುಳವೊಂದನ್ನೂ ನಾನು ಕಾಣೆ. ಆದರೆ ದವಾಖಾನೆ ಭಾಳ ಸ್ವಚ್ಛ ಎಂಬ ಹೆಸರು ವಾರದೊಳಗೆ ಬಂತು.

ಎರಡನೆಯ ತಕರಾರು ಹೊತ್ತಿನದು, ಅದು ಫಿನಾಯಿಲ್‌ಗೆ ಬಗ್ಗಲಿಲ್ಲ. ನಮ್ಮಲ್ಲಿ ಇದ್ದದ್ದು ಆರು ಸೆಟ್ಟು. ಸಂತೆಯ ದಿನ ಬರುವವರು ಇಪ್ಪತ್ತು ಮಂದಿ. ತಿಕ್ಕಿ, ಬೇಯಿಸಿ, ಆರಿಸಿ ತೆಗೆಯಲು ಮುಕ್ಕಾಲು ತಾಸು ಬೇಕು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿಂದ. ಹಳ್ಳಿಯವರಿಗೆ ಬಸ್ಸಿನ ಹೊತ್ತು. ಬಾವು ಬಂದ ದವಡೆಯನ್ನು ಟವಲಿನಲ್ಲಿ ಕಟ್ಟಿಕೊಂಡು ಕೂತವರು, ಒಳಗ ಏನ ಅಡಗಿ ನಡದೈತಿ ಎಂದು ಕೇಳುತ್ತಿದ್ದರು. ಸಂತೆಯ ಮೂಲೆಯಲ್ಲಿ ಚಾದರ ಹಾಸಿ ಕೂರುವ ಒಬ್ಬಾತ ಇದ್ದ. ಕಿತ್ತ ಹಲ್ಲುಗಳನ್ನು ಮುಂದೆ ಗುಡ್ಡೆ ಹಾಕಿಕೊಂಡು, ಇಕ್ಕಳವನ್ನು ಧೋತರದ ಚುಂಗಿಗೆ ಒರೆಸಿ, ಐದು ನಿಮಿಷಕ್ಕೆ ಒಬ್ಬರನ್ನು ಮುಗಿಸುತ್ತಿದ್ದ. ನಮ್ಮ ಬೆಂಚಿನಿಂದ ಎದ್ದವರು ನೇರ ಅಲ್ಲಿಗೇ ಹೋಗುತ್ತಿದ್ದರು. ಡಾಕ್ಟರಮ್ಮ ರೋಗಾಣುವಿನ ಚಿತ್ರ ತಂದು ಗೋಡೆಗೆ ಹಚ್ಚಿದರು. ಅದನ್ನು ನೋಡಿದ ಒಬ್ಬ ಮುದುಕಿ, ಇದ ಯಾವ ಊರಿನ ರಂಗೋಲಿ ಎಂದು ಕೇಳಿದಳು.

ಆಗ ಉಪಾಯ ಹೊಳೆದದ್ದು ನನಗೆ. ಈಗ ನೆನೆಸಿಕೊಂಡರೆ ನನ್ನ ನಾಲಿಗೆಗೇ ಬರೆ ಎಳೆದುಕೊಳ್ಳಬೇಕು ಅನ್ನಿಸುತ್ತದೆ. ಕುಷ್ಟಗಿ ಕಡೆಯ ಒಬ್ಬ ಯಜಮಾನರು, ತಲೆಗೆ ಬೂದು ಪಟಗ, ಸೊಂಟಕ್ಕೆ ಬೆಳ್ಳಿ ಉಡದಾರದ ಕುಳ, ತಾಸು ಕಾದು ಸಿಟ್ಟಿಗೆದ್ದು ಕೋಲು ಕುಟ್ಟುತ್ತಾ ಹೊರಟರು. ಒಂದು ಹಲ್ಲಿಗೆ ಇಷ್ಟು ಸೋಗು ಯಾಕೆ, ಆ ಕನ್ನಡಿ ಅಲ್ಲೇ ಐತೆಲ್ಲ, ಅದರಲ್ಲೇ ನೋಡಿ ಕಳಿಸಿ ಎಂದರು. ನಾನು ತಿಕ್ಕದೆ ಇದ್ದ ಕನ್ನಡಿಯ ಟ್ರೇಯನ್ನು ಅವರ ಮುಂದೆ ಹಿಡಿದೆ.

“ಯಜಮಾನ್ರ, ಇದು ಈಗ ಒಬ್ಬರ ಬಾಯಾಗ ಹೋಗಿ ಬಂದೈತ್ರಿ. ಅವರ ಎಂಜಲ ನಿಮ್ಮ ಬಾಯಾಗ ಇಡ್ಲೇನ್ರಿ?”

ಯಜಮಾನರು ಹಾವು ತುಳಿದವರಂತೆ ಹಿಂದೆ ಸರಿದು, ಬೆಂಚಿನ ಮೇಲೆ ಕೂತು, ಪಟಗ ಸರಿಮಾಡಿಕೊಂಡರು. ಇನ್ನೊಂದು ತಾಸು ಪಿಟ್ಟೆನ್ನಲಿಲ್ಲ. ಅವರೊಬ್ಬರೇ ಅಲ್ಲ, ಬೆಂಚಿನ ಮೇಲಿದ್ದ ಅಷ್ಟೂ ಮಂದಿ ಬಾಯಿ ಮುಚ್ಚಿ ಕೂತರು. ರೋಗಾಣು ಕಾಣುವುದಿಲ್ಲ, ನಂಬಿಕೆ ಬಾರದು. ಎಂಜಲೂ ಕಾಣುವುದಿಲ್ಲ, ಆದರೆ ಅದರ ಹೇಸಿಗೆಯನ್ನು ತಾಯಿಯ ಹಾಲಿನ ಜೊತೆ ಕುಡಿದು ಬಂದಿದ್ದೇವೆ. ಅಂದಿನಿಂದ ನಾನು ಆ ಒಂದೇ ಮಂತ್ರ ಹಿಡಿದೆ. ನನ್ನ ಐದು ವರ್ಷದ ಓದಿಗಿಂತ ನಿಮ್ಮ ಒಂದು ಮಾತು ಮೇಲಾತು ನೋಡ್ರಿ ಅಕ್ಕಾ ಎಂದು ಡಾಕ್ಟರಮ್ಮ ನಕ್ಕರು. ನನ್ನ ಕೊಬ್ಬು ನೋಡಬೇಕಿತ್ತು ಆಗ. ಕೊಪ್ಪಳ ಜಿಲ್ಲೆಗೆಲ್ಲ ನಾನೇ ಪಾಠ ಹೇಳಬಹುದೆಂದುಕೊಂಡೆ.

ಆದರೆ ಅದೇ ಯಜಮಾನರು ಅದೇ ದಿನ ಮೆಲ್ಲಗೆ ನನ್ನ ಹತ್ತಿರ ಬಂದು ಒಂದು ಪ್ರಶ್ನೆ ಕೇಳಿದ್ದರು. ಯಾರ ಎಂಜಲದು ಎಂದು. ಅವರಿಗಿಂತ ಮೊದಲು ಕುರ್ಚಿಯಿಂದ ಎದ್ದುಹೋದವರು ಯಾವ ಓಣಿಯವರು, ಯಾರ ಪೈಕಿ ಎಂಬುದು ಅವರಿಗೆ ಬೇಕಿತ್ತು. ನಾನು ಕೇಳಿಸದವಳಂತೆ ಒಳಗೆ ಹೋದೆ. ಆಮೇಲೊಂದು ದಿನ ಬಳೆ ಮಾರುವ ಸಾಬರ ಗಂಡ ಹೆಂಡತಿ ಬಂದರು. ಇಬ್ಬರಿಗೂ ಒಂದೇ ಸೆಟ್ಟಿನಲ್ಲಿ ನೋಡಿ ಕಳಿಸಿಬಿಡಿ, ಸಂಜೆಗೆ ಕುಷ್ಟಗಿಯಲ್ಲಿ ಮದುವೆಯ ಬಳೆ ಇಡುವುದಿದೆ ಎಂದಳು ಹೆಂಡತಿ. ಎಂಜಲು ಎಂದೆ. ನಮ್ಮಲ್ಲಿ ಗಂಡ ಹೆಂಡತಿ ಒಬ್ಬರ ಎಂಜಲು ಒಬ್ಬರು ಉಂಡರೆ ಪ್ರೀತಿ ಹೆಚ್ಚುತ್ತದೆ ಎನ್ನುತ್ತಾರೆ ಎಂದು ಅವಳು ನಾಚದೆ ಹೇಳಿದಳು. ಗಂಡ ನಾಚಿಕೊಂಡ. ನಾನೂ ನಕ್ಕು, ಇಬ್ಬರಿಗೂ ಬೇರೆ ಬೇರೆ ಕವರು ಹರಿದೆ. ಎಂಜಲಿಗೆ ಜಾತಿ ಇದೆ, ನಂಟು ಇದೆ, ರೋಗಕ್ಕೆ ಅವೆರಡೂ ಇಲ್ಲ ಎಂದು ಅಂದೇ ನನಗೆ ತಿಳಿಯಬೇಕಿತ್ತು. ಹೊಗಳಿಕೆ ತಲೆಗೇರಿದವರಿಗೆ ಏನು ತಿಳಿಯುತ್ತದೆ?

ಮುಂದೆ ಆ ಸಂತೆಯ ದಿನ ಬಂತು. ಅವ್ವ ಮತ್ತು ಅವಳ ತಂಗಿ, ಅಂದರೆ ನನ್ನ ಚಿಗವ್ವ, ಇಬ್ಬರೂ ಬೇವೂರಿನಿಂದ ಬಂದಿದ್ದರು. ಇಬ್ಬರನ್ನೂ ಒಂದೇ ಮನೆಗೆ ಕೊಟ್ಟದ್ದು, ಅಣ್ಣತಮ್ಮಂದಿರಿಗೆ. ಈ ಅಕ್ಕತಂಗಿ ಒಂದೇ ಗಂಗಾಳದಲ್ಲಿ ಉಣ್ಣುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಒಬ್ಬಳು ಕಡಿದ ಮೆಣಸಿನಕಾಯಿಯನ್ನು ಇನ್ನೊಬ್ಬಳು ಮುಗಿಸುತ್ತಾಳೆ. ಅವ್ವನಿಗೆ ಒಸಡಿನಲ್ಲಿ ರಕ್ತ. ಚಿಗವ್ವನಿಗೆ ದವಡೆ ಹಲ್ಲು ಹುಳುಕಾಗಿ ಕೆನ್ನೆ ಬಾತಿತ್ತು. ಮಗಳು ಒಳಗಿದ್ದಾಳೆ, ನಮ್ಮದು ಚಿಟಿಕೆ ಹೊಡೆಯುವಷ್ಟರಲ್ಲಿ ಆಗುತ್ತದೆ ಎಂದು ಅವ್ವ ಬೆಂಚಿನವರಿಗೆಲ್ಲ ಹೇಳುವುದು ನನಗೆ ಒಳಗೇ ಕೇಳಿಸುತ್ತಿತ್ತು.

ಸರದಿ ಬಂದಾಗ ಉಳಿದದ್ದು ಒಂದೇ ಸೆಟ್ಟು. ಉಳಿದವು ಯಂತ್ರದೊಳಗೆ ಬೇಯುತ್ತಿದ್ದವು. ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ ಡಾಕ್ಟರಮ್ಮ ಒಸಡು ನೋಡಿದರು, ಕೊಕ್ಕೆ ಹಾಕಿದಲ್ಲೆಲ್ಲ ರಕ್ತ ಜಿನುಗಿತು. ಅಷ್ಟರಲ್ಲಿ ಕರೆಂಟು ಹೋಯಿತು. ಹತ್ತು ನಿಮಿಷಕ್ಕೆ ಬಂತು, ಆದರೆ ಅರ್ಧ ಬೆಂದದ್ದನ್ನು ಬೆಂದಿತೆಂದು ಕೊಡಲು ಅದೇನು ಬೇಳೆಯಲ್ಲ. ಮತ್ತೆ ಮೊದಲಿಂದ ಹಚ್ಚಿದೆ. ಬೇವೂರಿನ ಬಸ್ಸಿಗೆ ಅರ್ಧ ತಾಸು ಇತ್ತು. ಡಾಕ್ಟರಮ್ಮ ಫೋನು ಬಂತೆಂದು ಹೊರಗೆ ಹೋದರು. ಅವ್ವ ಕುರ್ಚಿಯಿಂದಿಳಿದು, ಟ್ರೇಯಲ್ಲಿದ್ದ ತನ್ನ ಕನ್ನಡಿ ಕೊಕ್ಕೆಗಳನ್ನು ನನ್ನ ಕಡೆ ನೂಕಿ, ತಂಗಿಯನ್ನು ಕುರ್ಚಿಗೆ ಹತ್ತಿಸಿದಳು. ಇದರಲ್ಲೇ ಅಕಿದೂ ಮುಗಿಸಿ ಕೊಡಲು ಹೇಳು, ಬೇಕಾದರೆ ಬಿಸಿನೀರಲ್ಲಿ ಅದ್ದು ಎಂದಳು. ಆಗುವುದಿಲ್ಲ ಎಂದೆ.

“ಒಬ್ಬಾಕಿ ಹಾಲ ಕುಡದವ್ರದೀವಿ ನಾವು. ನಮ್ಮಿಬ್ಬರಿಗೆ ಎಲ್ಲಿ ಎಂಜಲ?”

ಕಾಮಾಲೆಯ ಮಾತು ಹೇಳಬಹುದಿತ್ತು. ರಕ್ತದ ಮಾತು ಹೇಳಬಹುದಿತ್ತು. ಬಾಗಿಲು ತೆರೆದಿತ್ತು, ಬೆಂಚಿನವರೆಲ್ಲ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದರು. ಬೆಳಿಗ್ಗೆಯಿಂದ ಅವರನ್ನೆಲ್ಲ ಆ ಒಂದೇ ಮಾತಿನಲ್ಲಿ ಕಟ್ಟಿಹಾಕಿ ಕೂರಿಸಿದ್ದವಳು ನಾನು. ತವರಿನವರಿಗೊಂದು ನ್ಯಾಯ, ಊರಿಗೊಂದು ನ್ಯಾಯವೇ ಎಂದು ಅವರು ಕೇಳಿದರೆ? ಸಿಟ್ಟೂ ಬಂದಿತ್ತು, ಹೆದರಿಕೆಯೂ ಆಗಿತ್ತು. ರೂಢಿಯ ಮಾತೇ ನಾಲಿಗೆಗೆ ಬಂತು.

“ನಿನ್ನ ಬಾಯಾಗ ಹೋಗಿ ಬಂದದ್ದು ಎಂಜಲನ ಯವ್ವಾ. ಮಂದೀದಾದ್ರೇನು, ಹಡದವ್ವಂದಾದ್ರೇನು.”

ಅವ್ವ ನನ್ನ ಮುಖವನ್ನೇ ನೋಡಿದಳು. ನಾನು ಸಣ್ಣವಳಿದ್ದಾಗ ಹುರಿಗಡಲೆಯನ್ನು ತಾನು ಅಗಿದು ನನ್ನ ಬಾಯಿಗಿಟ್ಟು ಬೆಳೆಸಿದವಳು ಅವಳು. ಸೆರಗಿನಿಂದ ಬಾಯೊರೆಸಿಕೊಂಡು, ಬಾತ ಕೆನ್ನೆಯ ತಂಗಿಯ ಕೈ ಹಿಡಿದು, ನನ್ನ ಫಿನಾಯಿಲ್ ವಾಸನೆಯ ಮೆಟ್ಟಿಲು ಇಳಿದು ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಎಷ್ಟು ಸಲ ಕೇಳಿದ್ದೆನೋ. ಚಿಗವ್ವ ಮರುದಿನ ಒಬ್ಬಳೇ ಬಂದು ಹಲ್ಲು ಕೀಳಿಸಿಕೊಂಡು, ನಿಮ್ಮವ್ವಗ ಹೇಳಬ್ಯಾಡ ಎಂದು ಹೋದಳು.

ಅವ್ವ ನನಗೆ ಏನೂ ಅನ್ನಲಿಲ್ಲವೇ ಹೊರತು ಊರಲ್ಲಿ ಯಾರಿಗೂ ಹೇಳದೆ ಬಿಡಲಿಲ್ಲ. ಬಸ್ಸಿನಲ್ಲಿ, ನಳದ ಕಟ್ಟೆಯಲ್ಲಿ, ಕಸ ತೆಗೆಯುವ ಹೊಲದಲ್ಲಿ, ಹಡೆದ ತಾಯಿಯ ಬಾಯನ್ನೇ ಎಂಜಲು ಎಂದಳು ನನ್ನ ಮಗಳು ಎಂದು ಹೇಳಿಕೊಂಡು ಅತ್ತಳು. ಕೇಳಿದವರು ಅಯ್ಯೋ ಪಾಪ ಎಂದರು. ಆಮೇಲೆ ಮನೆಗೆ ಹೋಗಿ, ತಾಯೀದನ್ನ ಬಿಡಲಿಲ್ಲ ಅಂದ್ರ ಅಲ್ಲಿ ಒಬ್ಬರದು ಒಬ್ಬರಿಗೆ ಹಾಕಂಗಿಲ್ಲ ಅನ್ನೂದು ಖರೆ ಎಂದು ತೀರ್ಮಾನಿಸಿ, ಸಾಲಾಗಿ ನಮ್ಮ ದವಾಖಾನೆಗೆ ಬಂದರು. ಸಂತೆಯ ಚಾದರದವನ ಹಲ್ಲಿನ ಗುಡ್ಡೆ ಬೆಳೆಯುವುದು ನಿಂತಿತು. ಡಾಕ್ಟರಮ್ಮ ಇನ್ನೂ ಆರು ಸೆಟ್ಟು ತರಿಸಿದರು, ನನಗೆ ಪೇಡೆ ಕೊಟ್ಟರು. ನಮ್ಮ ಗೋಡೆಯ ಚಿತ್ರ, ನನ್ನ ಫಿನಾಯಿಲ್, ಯಾವುದೂ ಮಾಡದ ಪ್ರಚಾರವನ್ನು ನನ್ನವ್ವನ ಕಣ್ಣೀರು ಮಾಡಿತ್ತು. ಆ ಪೇಡೆಯನ್ನು ಮನೆಗೆ ಒಯ್ದು ಮಗಳಿಗೆ ಕೊಟ್ಟೆ.

ಮನೆಯಲ್ಲಿ ಮಾತ್ರ ಚರಿಗೆ ಗೇಣುದ್ದ ಮೇಲೆಯೇ ಉಳಿಯಿತು. ಒಂದು ಸಲ ಹಟಕ್ಕೆ ಬಿದ್ದು ಅವಳೆದುರೇ ಅವಳ ಗಂಗಾಳದಲ್ಲಿ ಉಳಿದ ಅನ್ನ ಉಂಡೆ. ನಿಮ್ಮ ಡಾಕ್ಟರಮ್ಮ ಬೈದಾಳು ಎಂದು ಎದ್ದು ಹೋದಳು. ಇನ್ನೊಂದು ಸಲ ಕಾಮಾಲೆಯ ವಿಷಯವನ್ನು ಪೂರ್ತಿ ಬಿಡಿಸಿ ಹೇಳಿದೆ. ಈಗ ನನಗ ರೋಗಾನೂ ಐತಿ ಅಂತೀಯೇನ ಎಂದಳು. ಗಂಡನ ಮುಂದೆ ಹೇಳಿಕೊಂಡರೆ, ನೀರು ಹೇಗೆ ಕುಡಿದರೇನು, ಹೊಟ್ಟೆಗೆ ತಾನೆ ಹೋಗುವುದು ಎಂದ. ತಾಲೂಕು ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಎಲ್ಲವೂ ಹಾಗೇ ಕಾಣುತ್ತದೆ. ಅವ್ವ ಹೋದ ಮೇಲೆ ಆ ಚರಿಗೆಯನ್ನು ತೊಳೆಯಲು ಕೂತರೆ ಅದರ ಅಂಚು ಒಣಗಿಯೇ ಇರುತ್ತಿತ್ತು. ನನಗೆ ಅಳು ಬರುತ್ತಿತ್ತು.

ಹೀಗೆ ವರ್ಷ ಕಳೆದು, ಹೋದ ತಿಂಗಳು ಅವ್ವನ ಕೆಳಗಿನ ದವಡೆ ಹಲ್ಲು ಅಲ್ಲಾಡತೊಡಗಿತು. ಮೂರು ದಿನ ಲವಂಗ ಕಚ್ಚಿಕೊಂಡು ಹಟ ಹಿಡಿದಳು. ನಾಲ್ಕನೆಯ ದಿನ ಸೆರಗು ಬಾಯಿಗೆ ಒತ್ತಿಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದು, ನನ್ನನ್ನು ಕಂಡೂ ಕಾಣದವಳಂತೆ ಬೆಂಚಿನ ಕೊನೆಗೆ ಕೂತಳು. ಪಕ್ಕದವಳೊಬ್ಬಳು ಇಲ್ಲಿ ಸಾಮಾನು ಸ್ವಚ್ಛ ಇರುತ್ತವೆಯೇ ಎಂದು ಕೇಳಿದಳಂತೆ. ಹಡದಾಕಿನ್ನ ಬಿಡಲಿಲ್ಲ, ನಿನ್ನ ಬಿಡ್ತಾಳೇನ ಎಂದಳಂತೆ ಅವ್ವ. ಬೈದಳೋ ಹೊಗಳಿದಳೋ, ಕೇಳಿದವಳಿಗೂ ತಿಳಿಯಲಿಲ್ಲ.

ಅವಳೆದುರೇ ಕವರು ಹರಿದೆ. ಬಣ್ಣ ಬದಲಿಸಿದ ಗುರುತನ್ನು ಕಣ್ಣು ಕಿರಿದು ಮಾಡಿ ನೋಡಿದಳು, ಕೇಳಲಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ಕಹಿ ಹೋಗಲೆಂದು ಕಾಗದದ ಕಪ್ಪಿನಲ್ಲಿ ನೀರು ಕೊಟ್ಟೆ. ಅದನ್ನೂ ಎತ್ತಿಯೇ ಹೊಯ್ದುಕೊಳ್ಳಹೋದಳು. ತುಟಿ ಮರಗಟ್ಟಿತ್ತು, ನೀರು ಕುತ್ತಿಗೆಗೆ ಸುರಿಯಿತು. ನಾನು ಕಪ್ಪನ್ನು ಅವಳ ತುಟಿಗೆ ಹಿಡಿದೆ. ತುಟಿ ಹತ್ತಿತೇನು ಎಂದು ತೊದಲುತ್ತಾ ಕೇಳಿದಳು; ಅವಳಿಗೆ ಗೊತ್ತಾಗುತ್ತಿರಲಿಲ್ಲ. ಹತ್ತಿತು ಎಂದೆ. ಆಮೇಲೆ ನಿಯಮದಂತೆ ಆ ಕಪ್ಪನ್ನು, ಎಂಜಲು ರಕ್ತ ಹತ್ತಿದ್ದನ್ನೆಲ್ಲ ಹಾಕುವ ಹಳದಿ ಡಬ್ಬಿಗೆ ಎಸೆಯಬೇಕಿತ್ತು, ಎಸೆದೆ. ಅವಳ ಕಣ್ಣು ಡಬ್ಬಿಯವರೆಗೂ ಹೋಗಿ ಬಂತು. ವರ್ಷದ ಮೇಲೆ ಒಮ್ಮೆ ಹತ್ತಿದ ತುಟಿಯನ್ನೂ ಎಸೆಯಬೇಕಾದ ನೌಕರಿ ನನ್ನದು.

ಹಲ್ಲು ಕಿತ್ತಾದ ಮೇಲೆ ಅವಳನ್ನು ಮನೆಗೆ ಕರೆದೊಯ್ದೆ. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಹತ್ತಿ ಕಚ್ಚಿಕೊಂಡು ಹೊಸ್ತಿಲ ಹತ್ತಿರ ಗೋಡೆಗೊರಗಿ ಕೂತಳು. ಎರಡು ತಾಸಿನ ಮೇಲೆ ಹತ್ತಿ ಉಗುಳಿ, ನೀರು ಕೇಳಿದಳು. ಚರಿಗೆ ತುಂಬಿ ಕೊಟ್ಟು, ತುಟಿಗೆ ಜೀವ ಬಂದಿದೆಯೇ ಎಂದು ಕೇಳಿದೆ. ಚಿವುಟಿ ನೋಡಿಕೊಂಡು, ಬಂದೈತಿ ಎಂದಳು. ಚರಿಗೆಯನ್ನು ರೂಢಿಯಂತೆ ಮೇಲೆತ್ತಿದಳು. ನಾನು ಮುಖ ತಿರುಗಿಸಿದೆ. ಗಟಗಟ ಸದ್ದು ಬರಲಿಲ್ಲವೆಂದು ತಿರುಗಿ ನೋಡಿದರೆ ಅವ್ವ ಚರಿಗೆಯ ಅಂಚನ್ನು ಕಚ್ಚಿಕೊಂಡು, ಕಣ್ಣು ಮುಚ್ಚಿ, ಸಾವಕಾಶ ಕುಡಿಯುತ್ತಿದ್ದಳು. ಅರ್ಧ ಕುಡಿದು ಚರಿಗೆಯನ್ನು ನನ್ನ ಕಡೆ ಚಾಚಿದಳು.

“ಉಳದದ್ದು ನೀ ಕುಡಿ.”

ಪರೀಕ್ಷೆ ಎಂದು ನನಗೆ ಗೊತ್ತಾಯಿತು. ಚರಿಗೆಯೊಳಗೆ ನೋಡಿದೆ. ನೀರಿನಲ್ಲಿ ಒಂದು ಕೆಂಪು ಎಳೆ ತೇಲುತ್ತಿತ್ತು. ಬೇರೆ ಯಾರಾದರೂ ಹೀಗೆ ಮಾಡಹೊರಟಿದ್ದರೆ ಅವರಿಗೆ ನಾನೇ ಎರಡು ಬಾರಿಸುತ್ತಿದ್ದೆ. ಏನಾದರೂ ಆಗಲಿ, ವರ್ಷ ಕಾದಿದ್ದೇನೆ ಎಂದು ಚರಿಗೆಯನ್ನು ತುಟಿಗೆ ಒಯ್ದೆ. ಅಂಚು ಇನ್ನೂ ಒದ್ದೆಯಿತ್ತು. ಅಷ್ಟರಲ್ಲಿ ಅವ್ವನೂ ನೀರಿನ ಬಣ್ಣ ನೋಡಿದಳು. ಕೈ ಬೀಸಿ ಚರಿಗೆಗೆ ಹೊಡೆದಳು. ನೀರೆಲ್ಲ ನನ್ನ ಸೀರೆಯ ಮೇಲೆ ಚೆಲ್ಲಿತು, ಚರಿಗೆ ಉರುಳುತ್ತಾ ಬಚ್ಚಲಿನ ಕಡೆ ಹೋಯಿತು.

“ಬ್ಯಾಡ. ರಕ್ತ ಐತಿ ಅದರಾಗ. ನಿನಗೇನರ ಆದ್ರ?”

ಚಿಗವ್ವನನ್ನು ಕುರ್ಚಿಗೆ ಹತ್ತಿಸಿದ ದಿನ ನಾನು ಆಡಬೇಕಾಗಿದ್ದ ಮಾತು ಅದು. ವರ್ಷವಿಡೀ ಹುಡುಕಿದರೂ ನನಗೆ ಸಿಕ್ಕಿರಲಿಲ್ಲ. ಆಮೇಲೆ ಅವಳೇ ಎದ್ದು ಬಚ್ಚಲಿಗೆ ಹೋಗಿ, ಚರಿಗೆಯನ್ನು ಎತ್ತಿಕೊಂಡು, ಸಬೀನಾ ಪುಡಿ ಹಾಕಿ ಮೊದಲು ಅಂಚನ್ನು ತಿಕ್ಕಿದಳು. ಇಷ್ಟು ಸಾಕಾಗುವುದಿಲ್ಲ, ನೀರು ಕುದಿಸು ಎಂದಳು. ನಾನು ಗ್ಯಾಸ್ ಹೊತ್ತಿಸಿದೆ.